ದ್ಯಾಮವ್ವನ ಪರವಾಗಿ

"ನೀರು ಹದ ಮಾಡಿದೀಯೋ, ನನ್ನ ಚರ್ಮ ಸುಲಿಯೋಕೆ ಕಾಯಿಸಿದೀಯೋ, ಮುಂಡೆ? ತಲೆಗಲ್ಲ, ಬೆನ್ನಿಗೆ ಹಾಕು. ನಿನ್ನ ಕೈಗೆ ಹುಳ ಬೀಳ."

ರುಕ್ಮಿಣಮ್ಮನಿಗೆ ಪಾರ್ಶ್ವವಾಯು ಹೊಡೆದು ಮೂರು ವರ್ಷವಾಗಿತ್ತು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ನಾಲಿಗೆ ಮಾತ್ರ ಕೂದಲೆಳೆಯಷ್ಟೂ ಕೊಂಕಿರಲಿಲ್ಲ. ದ್ಯಾಮವ್ವ ತನ್ನ ಮುಂಗೈ ಮೇಲೆ ನೀರು ಸುರಿದುಕೊಂಡು ನೋಡಿದಳು. ಹದವಾಗಿಯೇ ಇತ್ತು.

"ಸುಡೂದಿಲ್ಲಬೇ ಯವ್ವಾ. ಸುಮ್ನ ಕುಂದ್ರು."

"ಯವ್ವ ಗಿವ್ವ ಅನ್ಬೇಡ. ನಿನ್ನಂಥೋಳಿಗೆ ನಾನ್ಯಾಕೆ ಅವ್ವ ಆಗ್ಲಿ."

ಈ ಸ್ನಾನಕ್ಕೆ ಒಂದು ವಿಧಾನವಿತ್ತು, ಪ್ರಯೋಗಶಾಲೆಯಲ್ಲಿರುವ ಹಾಗೆ. ಹಾಸಿಗೆಯಿಂದ ಏಳುವ ಮುದುಕಿ ಹೇಗೂ ಮೈಲಿಗೆ. ಆದ್ದರಿಂದ ಆಗ ದ್ಯಾಮವ್ವ ಮುಟ್ಟಬಹುದು. ಎತ್ತಬಹುದು, ತೊಳೆಯಬೇಕಾದ್ದನ್ನೆಲ್ಲ ತೊಳೆಯಬಹುದು, ಒರೆಸಬಹುದು. ಒರೆಸಿ ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ಸೊಸೆ ಜಾನಕಿ ಬಂದು ಪ್ಲಾಸ್ಟಿಕ್ ಬಾಟಲಿಯಿಂದ ಮೂರು ಹನಿ ಗಂಗಾಜಲ ಚಿಮುಕಿಸುತ್ತಿದ್ದಳು. ಗಂಗೆ ತಿಂಗಳಿಗೊಮ್ಮೆ ರಟ್ಟಿನ ಡಬ್ಬಿಯಲ್ಲಿ ಬಂದು ಬಾಗಿಲ ಮುಂದೆ ಕೂರುತ್ತಿದ್ದಳು. ಅರ್ಧ ಗಂಟೆಯ ದ್ಯಾಮವ್ವನನ್ನು ಅಳಿಸಿಹಾಕಲು ಮೂರು ಹನಿ ಸಾಕಾಗುತ್ತಿತ್ತು. ನಾಲ್ಕನೆಯದನ್ನು ಜಾನಕಿ ಎಂದೂ ದುಂದು ಮಾಡಿದವಳಲ್ಲ.

"ದ್ಯಾಮವ್ವ, ಇದು ಮುಗಿಸಿ ಹಾಲ್ ಹತ್ರ ಬಾ. ಸಾಹೇಬ್ರು ಕರೀತಿದಾರೆ," ಅಂದಳು ಜಾನಕಿ, ಬಾಟಲಿಯ ಮುಚ್ಚಳ ತಿರುಗಿಸುತ್ತ. "ಎಲೆಕ್ಷನ್ ಬಂದಿದೆ."

"ಯಾವೂರಾಗ್ರಿ ಬಾಯಾರ?"

"ನಮ್ಮೂರಲ್ಲೇ. ಇಂಗ್ಲೆಂಡಲ್ಲಿ."

ದ್ಯಾಮವ್ವ ಮುಂಡರಗಿ ಕಡೆಯ ಮಾದರ ಕೇರಿಯವಳು. ಜಾನಕಿಯ ಗಂಡ ಲಕ್ಷ್ಮೀಕಾಂತನ ತಂದೆ ಅಲ್ಲಿ ನೀರಾವರಿ ಎಂಜಿನಿಯರಾಗಿದ್ದಾಗ ಕ್ವಾರ್ಟರ್ಸಿನ ಅಂಗಳ ಗುಡಿಸುತ್ತಿದ್ದಳು. 1999ರಲ್ಲಿ ಮೊಮ್ಮಗಳು ಮೈತ್ರಿ ಹುಟ್ಟಿದಾಗ ಬಾಣಂತನಕ್ಕೆಂದು ಆಕೆಯನ್ನು ಇಂಗ್ಲೆಂಡಿನ ಲೆಸ್ಟರಿಗೆ ಕರೆಸಿಕೊಂಡರು. ಬಾಣಂತನ ಹದಿನಾರು ವರ್ಷ ನಡೆಯಿತು. ಯುರೋಪಿನ ರಜೆಗಳಲ್ಲಿ ಮಗು ಹಿಡಿಯಲು ಆಕೆ ಬೇಕು, ಆಕೆಗೆ ಪ್ರತಿ ಸಲ ವೀಸಾದ ಕಿರಿಕಿರಿ. ಅದನ್ನು ತಪ್ಪಿಸಲು ಲಕ್ಷ್ಮೀಕಾಂತನೇ ಸಂಜೆಯ ಇಂಗ್ಲಿಷ್ ತರಗತಿಗೆ ಕಳಿಸಿ, ಪರೀಕ್ಷೆ ಕಟ್ಟಿಸಿ, ಆಕೆಯನ್ನು ಬ್ರಿಟಿಷ್ ಪ್ರಜೆಯಾಗಿಸಿದ. ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿ ಬಂದ ದಿನವೂ ದ್ಯಾಮವ್ವ ಎಂದಿನಂತೆ ಮೂರು ಕಕ್ಕಸು ತೊಳೆದಳು. 2015ರಲ್ಲಿ ಕಂಪನಿ ಅವನನ್ನು ಅಮೆರಿಕಕ್ಕೆ ವರ್ಗ ಮಾಡಿತು. ಪಿಯಾನೋ, ತಾಯಿ ಮತ್ತು ದ್ಯಾಮವ್ವ ಜೊತೆಗೆ ಬಂದರು. ಮೂವರ ದಾಖಲೆಗಳೂ ಅವನ ಫೈಲಿನಲ್ಲಿದ್ದವು.

ಬಾತೆಲ್ ಊರಿನ ನಾರ್ತ್ ಕ್ರೀಕ್ ಬಡಾವಣೆಯ ಅವರ ಹೊಸ ಮನೆಯ ಮುಂದಿನ ಹುಲ್ಲಿನಲ್ಲಿ ಮೈತ್ರಿ ಒಂದು ಫಲಕ ನೆಟ್ಟಿದ್ದಳು. ನೀವು ಯಾರೇ ಆಗಿರಿ, ಈ ಮನೆಗೆ ಸ್ವಾಗತ ಎಂದು ಬಣ್ಣ ಬಣ್ಣದ ಅಕ್ಷರದಲ್ಲಿ ಬರೆದಿತ್ತು. ಅದರ ಸುತ್ತ ಕಳೆ ಬೆಳೆಯದಂತೆ ದ್ಯಾಮವ್ವ ವಾರಕ್ಕೊಮ್ಮೆ ಕಿತ್ತು, ಕೈ ತೊಳೆದು, ಗ್ಯಾರೇಜಿನ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು.

ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ತೆರೆಯ ಮೇಲೆ ಲಕ್ಷ್ಮೀಕಾಂತನ ತಮ್ಮ ತ್ರಿವಿಕ್ರಮ. ಅಣ್ಣ ಬಿಟ್ಟುಬಂದ ಲೆಸ್ಟರಿನ ಮನೆಯಲ್ಲಿ ಈಗ ಅವನಿದ್ದ. ದ್ಯಾಮವ್ವ ಕಾರ್ಪೆಟ್ ಶುರುವಾಗುವ ಗೆರೆಯ ಈಚೆ ನಿಂತಳು. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಎರಡು ವರ್ಷದಲ್ಲಿ ದಾಟು ಎಂದೂ ಹೇಳಿರಲಿಲ್ಲ.

"ನೋಡು ದ್ಯಾಮವ್ವ," ಅಂದ ಲಕ್ಷ್ಮೀಕಾಂತ. "ಜೂನ್ ಎಂಟಕ್ಕೆ ವೋಟಿಂಗು. ನಾವು ಹೊರಗಿದ್ರೂ ನಮ್ಮ ಹಳೇ ಅಡ್ರೆಸ್ಸಲ್ಲಿ ವೋಟಿರತ್ತೆ. ನಿನ್ನ ಹೆಸರೂ ಆನ್‌ಲೈನಲ್ಲಿ ನಾನೇ ರಿಜಿಸ್ಟರ್ ಮಾಡಿದೀನಿ. ಪೋಸ್ಟಲ್ಲಿ ಕಳಿಸಿದ್ರೆ ಟೈಮಿಗೆ ಸೇರಲ್ಲ. ಅದಕ್ಕೆ ಪ್ರಾಕ್ಸಿ ಅಂತ ಮಾಡ್ತಾರೆ. ನಿನ್ನ ಪರವಾಗಿ ತ್ರಿವಿಕ್ರಮ ಹೋಗಿ ಹಾಕ್ತಾನೆ. ನೀನು ಒಂದು ಸೈನ್ ಮಾಡಿದ್ರೆ ಆಯ್ತು."

ಲೆಸ್ಟರಿನಲ್ಲಿದ್ದಾಗ ಹಿಂದಿನ ಎರಡು ಚುನಾವಣೆಗಳಲ್ಲೂ ಹೆಚ್ಚುಕಡಿಮೆ ಹಾಗೇ ಆಗಿತ್ತು. ಮನೆಯ ಅಂಚೆ ಮತಪತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ ಲಕ್ಷ್ಮೀಕಾಂತ ಸಾಲಾಗಿ ಗುರುತು ಹಾಕಿದ್ದ. ದ್ಯಾಮವ್ವ ಹಾಕೆಂದಲ್ಲಿ ಸಹಿ ಹಾಕಿದ್ದಳು. ತನ್ನ ವೋಟು ಹೇಗಿರುತ್ತದೆಂದು ಆಕೆ ನೋಡಿರಲಿಲ್ಲ.

"ಯಾರಿಗ್ರಿ?" ಅಂದಳು.

"ಏನು ಯಾರಿಗೆ?"

"ನನ್ನ ವೋಟು. ಯಾರಿಗೆ ಹಾಕ್ತಾರ?"

ಹದಿನೆಂಟು ವರ್ಷದಲ್ಲಿ ಸೋಪು, ಸೊಪ್ಪು, ಡೈಪರುಗಳಿಗೆ ಸಂಬಂಧಪಡದ ಪ್ರಶ್ನೆಯನ್ನು ಆಕೆ ಕೇಳಿದ್ದು ಇದೇ ಮೊದಲು. ಲಕ್ಷ್ಮೀಕಾಂತ ಕನ್ನಡಕ ಸರಿಮಾಡಿಕೊಂಡ.

"ನೀಲಿ ಪಕ್ಷದವನಿಗೆ. ನಮ್ಮ ಟೆಂಪಲ್‌ಗೆಲ್ಲ ಬಂದಿದಾನೆ, ಒಳ್ಳೆಯವನು. ಕೆಂಪು ಪಕ್ಷದವಳು ಗೆದ್ರೆ ಆ ಕಾನೂನು ಬೇಕು ಅಂತ ಕೂರ್ತಾಳೆ."

"ಯಾವ ಕಾನೂನ್ರಿ?"

"ಅದು… ನಮ್ಮ ಜನದ ಮೇಲೆ ಕೇಸ್ ಹಾಕೋ ಕಾನೂನು."

"ಯಾರ್ ಹಾಕ್ತಾರ್ರಿ? ಬಿಳಿ ಮಂದಿ?"

"ಅವರಲ್ಲ. ನಮ್ಮಲ್ಲೇ ಕೆಲವರು."

"ನಮ್ಮ ಮಂದಿ ಮ್ಯಾಲ ನಮ್ಮ ಮಂದೀನ ಹಾಕೂದೇನ್ರಿ? ಯಾತಕ್ಕ?"

"ಯಾತಕ್ಕೆ ಅಂದ್ರೆ… ಒಂದು ಹಿಸ್ಟಾರಿಕಲ್ ಬ್ಯಾಕ್‌ಗ್ರೌಂಡ್ ಇದೆ ಅದಕ್ಕೆ."

ಫ್ಯಾಕ್ಟೋರಿಯಾ ಬಡಾವಣೆಯ ತನ್ನ ಆಫೀಸಿನಲ್ಲಿ ಇನ್ನೂರು ಜನರ ಮುಂದೆ ಸ್ಲೈಡು ಹಾಕಿ ಎಂಥ ಜಟಿಲ ಲೆಕ್ಕಾಚಾರವನ್ನೂ ಬಿಡಿಸಿ ಹೇಳುವ ಮನುಷ್ಯ, ಎರಡಕ್ಷರದ ಒಂದು ಪದ ಬಾಯಿಗೆ ಬಾರದೆ ನೀರು ಕುಡಿದ. ಈ ಮನೆಯಲ್ಲಿ ಅದು ಇಲ್ಲ ಎಂದು ಮಗಳನ್ನು ಬೆಳೆಸಿದ್ದ. ಮಗಳು ಸೋಫಾದ ಮೇಲೆಯೇ ಇದ್ದಳು.

"ವಾಟ್ ಲಾ, ಡ್ಯಾಡ್?" ಅಂದಳು ಮೈತ್ರಿ, ಫೋನಿನಿಂದ ತಲೆ ಎತ್ತದೆ.

"ನಥಿಂಗ್, ಕಂದಾ."

"ಇಟ್ಸ್ ಹರ್ ವೋಟ್, ಯು ನೋ," ಎಂದು ಮೈತ್ರಿ ಮತ್ತೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡಳು. ಅವಳ ಹೋರಾಟ ಅಲ್ಲಿಗೆ ಮುಗಿಯಿತು.

ಜಾನಕಿಗೆ ತಡೆಯಲಾಗಲಿಲ್ಲ. "ಅದೇನು ಅಷ್ಟು ಎಳೀತೀರಿ. ನೋಡು ದ್ಯಾಮವ್ವ, ಬೇರೆ ಲೋಟ ಇಟ್ರು, ಒಳಗೆ ಬಿಡಲಿಲ್ಲ ಅಂತ ನಿಮ್ಮಂಥೋರು ನಮ್ಮಂಥೋರ ಮೇಲೆ ಕೇಸ್ ಹಾಕಬಹುದು, ಅಷ್ಟೇ. ಸುಮ್ಸುಮ್ನೆ. ನೀನೇ ಹೇಳು, ನಿನಗೆ ನಾವೇನಾದ್ರೂ ಕಡಿಮೆ ಮಾಡಿದೀವಾ?"

"ಇಲ್ರಿ ಬಾಯಾರ. ಲೋಟಾ ಬ್ಯಾರೆ ಇಟ್ರೂ ಚೊಲೋ ಲೋಟಾನ ಇಟ್ಟೀರಿ."

ಇದು ಕೃತಜ್ಞತೆಯೋ ಇನ್ನೊಂದೋ ಎಂದು ಯಾರಿಗೂ ತಕ್ಷಣ ತಿಳಿಯಲಿಲ್ಲ.

"ಸಹಿ ನಾಳಿ ಮಾಡ್ತೀನ್ರಿ ಸಾಹೇಬ್ರ. ಒಂದೀಟು ವಿಚಾರ ಮಾಡ್ಬೇಕು."

ತೆರೆಯ ಮೇಲಿದ್ದ ತ್ರಿವಿಕ್ರಮ ನಕ್ಕ. "ವಿಚಾರವಂತೆ. ಅಣ್ಣ, ನಿಮ್ಮ ದ್ಯಾಮವ್ವ ಕ್ಯಾಬಿನೆಟ್ ಮೀಟಿಂಗ್ ಕರೀತಾಳೆ ಈಗ."

ಆಕೆ ಕರೆದದ್ದು ವೆಂಕಟಮ್ಮನನ್ನು. ಮರುದಿನ ಬೆಳಿಗ್ಗೆ ಏಳಕ್ಕೆ ಕಸದ ಡಬ್ಬಿಗಳನ್ನು ರಸ್ತೆಯ ಅಂಚಿಗೆ ತಳ್ಳುತ್ತ ಫೋನು ಮಾಡಿದಳು. ಲೆಸ್ಟರಿನಲ್ಲಿ ಮಧ್ಯಾಹ್ನ ಮೂರು. ತ್ರಿವಿಕ್ರಮನ ಮನೆಯಲ್ಲಿ ಕೆಲಸದ ವೆಂಕಟಮ್ಮ ಒಬ್ಬಳೇ ಇರುವ ಹೊತ್ತು. ಮಾಲೂರಿನವಳು, ಒಂದೇ ಕೇರಿಯಲ್ಲದಿದ್ದರೂ ಒಂದೇ ತರದ ಕೇರಿಯವಳು.

"ಆ ಕಾನೂನು ಬರ್ತದಂತ ನಿನ್ನ ಧಣಿಗೆ ಉಚ್ಚಿ ಬಂದೈತಲ್ಲಬೇ," ಅಂದಳು ದ್ಯಾಮವ್ವ.

"ಬರಲಿ ಬಿಡಕ್ಕ, ಅವನ ಮನೆ ಹಾಳಾಗ. ನನ್ನ ಹಿಂದಿನ ಬಾಗಿಲ ಮೆಟ್ಲ ಮ್ಯಾಗೆ ಕೂರಿಸಿ ಇಟ್ಟಾಕ್ತವ್ರೆ, ಸೀತದಾಗೆ. ನಾನು ಸಲಹೆ ಕೇಂದ್ರಕ್ಕೆ ಹೋಗಿದ್ದೆ, ಗೊತ್ತಾ? ಬಣ್ಣಕ್ಕೆ ಬೈದ್ರೆ ಕೇಸೈತೆ, ದೇವರಿಗೆ ಬೈದ್ರೂ ಐತೆ, ಜಾತಿ ಅಂತ ಸ್ಪಷ್ಟವಾಗಿ ಇನ್ನೂ ಬರ್ದಿಲ್ಲ, ಬರೀಬೇಕೋ ಬ್ಯಾಡವೋ ಅಂತ ಸರ್ಕಾರದೋರು ಜನಾನ ಕೇಳ್ತಾವ್ರೆ ಅಂದ್ರು."

"ನಿನ್ನ ಕೇಳಿದ್ರ?"

"ನನ್ನ ಯಾವ ನನ್ಮಗ ಕೇಳ್ತಾನೆ?"

ಡಬ್ಬಿಯ ಗಾಲಿ ಕಲ್ಲಿಗೆ ಸಿಕ್ಕಿತು. ದ್ಯಾಮವ್ವ ಮೊಣಕಾಲಿನಿಂದ ನೂಕಿದಳು. ಆಕೆಗೆ ಲೆಕ್ಕ ತಿಳಿದಿತ್ತು. ಕಾನೂನು ಬಂದರೂ ಅದು ಅಟ್ಲಾಂಟಿಕ್ ದಾಟಿ ಬಾತೆಲ್‌ಗೆ ಬಂದು ಮೂರು ಹನಿಯ ಬಾಟಲಿ ಕಿತ್ತುಕೊಳ್ಳುವುದಿಲ್ಲ. ಬಂದರೆ ವೆಂಕಟಮ್ಮನ ಮೆಟ್ಟಿಲ ತನಕ ಬಂದೀತು.

"ಆ ಕೆಂಪು ಪಕ್ಷದಾಕಿ ಹೆಂಗದಾಳ?"

"ಅಂತಾ ಘನವಾದೋಳೇನಲ್ಲ. ಅವಳೂ ದೇವಸ್ಥಾನಕ್ಕೆ ಬಂದು ಹಾರ ಹಾಕ್ಸ್ಕೊಂಡ್ಳು, ಅವನೂ ಹಾಕ್ಸ್ಕೊಂಡ. ಅವಳು ಚೀಟಿ ಹಂಚ್ಕೊಂಡು ಮನೆತಾವ ಬಂದಾಗ ಯಾರೂ ಇಲ್ಲ ಅಂದ್ಬಿಡು ಅಂತ ಒಳಗಿಂದ ನನ್ನ ಕಳಿಸಿದ್ರು. ನಾನು ಹೋಗಿ ಮೆಟ್ಲ ವಿಷಯ ಹೇಳ್ದೆ."

"ಏನಂದ್ಲು?"

"ಏನೂ ಅನ್ಲಿಲ್ಲ. ಪುಸ್ತಕ ತೆಗ್ದು ನನ್ನ ಹೆಸರು ಬರ್ಕೊಂಡ್ಳು. ಅದೂ ತಪ್ಪು ತಪ್ಪಾಗಿ."

"ನೀಲಿಯಂವ?"

"ಅವನು ಮುಂದಿನ ಬಾಗಿಲಾಗೆ ಬಂದು ಕಾಫಿ ಕುಡ್ದು ಹೋದ. ಲೋಟ ತೊಳ್ದಿದ್ದು ನಾನು."

ದ್ಯಾಮವ್ವ ಇನ್ನೊಂದು ಡಬ್ಬಿಯನ್ನು ರಸ್ತೆಯ ಅಂಚಿಗೆ ತಳ್ಳಿದಳು. ಕಸದ ಲಾರಿ ತಿರುವಿನಲ್ಲಿ ಕಾಣಿಸಿತು.

"ವೆಂಕಟಿ, ಓಟಿನ ಪಟ್ಟ್ಯಾಗ ನಿನ್ನ ಹೆಸರೈತಿ?"

"ಐತೆ. ಇಂಡಿಯಾ ಪಾಸ್‌ಪೋರ್ಟ್ ಇದ್ರೂ ನಮ್ಗೂ ಇಲ್ಲಿ ಓಟೈತೆ. ಯಾಕಕ್ಕ?"

ದ್ಯಾಮವ್ವ ನಾಳೆ ನಾಳೆ ಎನ್ನುತ್ತಲೇ ಎರಡು ವಾರ ಕಳೆದಳು. ಕೈ ಉಳುಕಿತು, ಕಣ್ಣು ಮಂಜಾಯಿತು, ಅಮಾವಾಸ್ಯೆ ಅಡ್ಡ ಬಂತು. ಕಳ್ಳ ಸಹಿ ಹಾಕುವಷ್ಟು ಲಕ್ಷ್ಮೀಕಾಂತ ನೀಚನಲ್ಲ. ಮೇಲಾಗಿ ಅವನ ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿತ್ತು, ಸಿಕ್ಕಿಬಿದ್ದರೆ ಅದಕ್ಕೇ ಕುತ್ತು. ಕೊನೆಗೆ ಮೇ ಮೂವತ್ತೊಂದು ಬಂತು. ಪ್ರಾಕ್ಸಿ ಅರ್ಜಿಗೆ ಅಲ್ಲಿಯ ಸಂಜೆ ಐದು ಗಂಟೆಯೇ ಗಡುವು, ಅಂದರೆ ಇಲ್ಲಿಯ ಬೆಳಿಗ್ಗೆ ಒಂಬತ್ತು. ಅಂದೇ ಅವನ ತಂದೆಯ ವೈದಿಕವೂ, ವರ್ಷದ ಶ್ರಾದ್ಧವೂ, ಬಿದ್ದಿತ್ತು. ಹತ್ತಕ್ಕೆ ಪುರೋಹಿತರು ಬರುವವರಿದ್ದರು.

ಎಂಟೂವರೆಗೆ ಲಕ್ಷ್ಮೀಕಾಂತ ತಲೆಗೆ ಸ್ನಾನ ಮಾಡಿ, ಒದ್ದೆ ಮಡಿಪಂಚೆ ಉಟ್ಟು, ತುದಿಬೆರಳಿನಲ್ಲಿ ಫಾರಂ ಹಿಡಿದು ಬಂದ. ಹೆಸರು, ವಿಳಾಸ, ಪಾಸ್‌ಪೋರ್ಟು ನೋಡಿ ಹುಟ್ಟಿದ ದಿನ, ಎಲ್ಲವನ್ನೂ ತುಂಬಿದ್ದ. ಫಾರಮ್ಮನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟು ಹಿಂದೆ ಸರಿದ. ಪಾಸ್‌ಪೋರ್ಟು ಅಲ್ಲೇ ಫೈಲಿನ ಮೇಲಿತ್ತು. ಲ್ಯಾಪ್‌ಟಾಪಿನಲ್ಲಿ ತ್ರಿವಿಕ್ರಮ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಬೇಗ. ಸ್ಕ್ಯಾನ್ ಮಾಡಿ ಕಳಿಸಬೇಕು."

ದ್ಯಾಮವ್ವ ಕಾರ್ಪೆಟ್ಟಿನ ಗೆರೆ ದಾಟಿ ಬಂದು ಕುರ್ಚಿ ಎಳೆದು ಕೂತಳು. ಜಾನಕಿ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ದ್ಯಾಮವ್ವ ಫಾರಮ್ಮನ್ನು ಮೊದಲ ಸಾಲಿನಿಂದ ಓದಿದಳು, ಸಂಜೆಯ ತರಗತಿಯಲ್ಲಿ ಕಲಿಸಿದ ಹಾಗೆ ಬೆರಳಿಟ್ಟು. ತ್ರಿವಿಕ್ರಮನ ಹೆಸರಿನ ಮೇಲೆ ಬೆರಳು ನಿಂತಿತು. ಪೆನ್ನು ತೆಗೆದು ಅದರ ಮೇಲೆ ಅಡ್ಡಗೆರೆ ಎಳೆದಳು. ಮೇಲುಗಡೆ ದೊಡ್ಡಕ್ಷರದಲ್ಲಿ, ಒಂದೊಂದಾಗಿ, ವೆಂಕಟಮ್ಮ ಎಂದು ಬರೆದು, ಕೆಳಗೆ ಸಹಿ ಮಾಡಿದಳು.

"ಕಳಸ್ರಿ."

ಲಕ್ಷ್ಮೀಕಾಂತ ಬಗ್ಗಿ ನೋಡಿದ. "ಇದೇನಿದು? ಯಾವ ವೆಂಕಟಮ್ಮ?"

"ನಿಮ್ಮ ತಮ್ಮನ ಮನಿ ಮೆಟ್ಲ ಮ್ಯಾಲ ಉಣ್ಣಾಕಿ."

"ಏನಂತಣ್ಣ?" ಅಂದ ತ್ರಿವಿಕ್ರಮ. "ಯಾರ ಹೆಸರು? ನಮ್ಮ ಮನೆ ಕೆಲಸದವಳದ್ದಾ? ಆ ಬೋಳಿಮಗಳಿಗೆ ಪೋಲಿಂಗ್ ಬೂತ್ ಯಾವ ಕಡೆ ಇದೆ ಅಂತ ಗೊತ್ತಾ?"

"ಗೊತ್ತೈತ್ರಿ. ನಿಮ್ಮ ಮಗಳ ಸಾಲೀನ ಬೂತು. ದಿನಾ ಬ್ಯಾಗ್ ಹೊತ್ತು ಬಿಟ್ಟು ಬರಾಕಿ ಅಕೀನ."

ಲಕ್ಷ್ಮೀಕಾಂತನ ಮುಖ ಕೆಂಪಾಯಿತು. ಅವನು ಧ್ವನಿ ಏರಿಸುವವನಲ್ಲ, ಇಳಿಸುವವನು. "ದ್ಯಾಮವ್ವ, ಕೇಳು. ನಿನ್ನ ವೀಸಾ ಆಗಸ್ಟಿಗೆ ಮುಗಿಯತ್ತೆ. ಎಕ್ಸ್‌ಟೆನ್ಶನ್ ಪೇಪರ್‌ಗೆ ನಾನು ಸೈನ್ ಮಾಡ್ಬೇಕು. ಮಾಡಲ್ಲ ಅಂದ್ರೆ ಏನಾಗತ್ತೆ ಗೊತ್ತಾ? ಆಗಸ್ಟ್ ತನಕಾನೂ ಕಾಯಲ್ಲ ನಾನು. ಮುಂದಿನ ವಾರವೇ ಇಂಗ್ಲೆಂಡಿಗೆ ವಾಪಸ್ ಕಳಿಸ್ತೀನಿ."

"ಯಾವತ್ರಿ?"

"ಏನು?"

"ಮುಂದಿನ ವಾರ ಯಾವತ್ತು? ಎಂಟನೇ ತಾರೀಖು ಗುರುವಾರ, ವೋಟಿನ ದಿನ. ಏಳರ ಒಳಗ ಮುಟ್ಟಸ್ರಿ. ನಾನಽ ಹೋಗಿ ಹಾಕಿ ಬರ್ತೀನಿ. ಪ್ರಾಕ್ಸಿ ಗೀಕ್ಸಿ ಏನೂ ಬ್ಯಾಡ."

ತೆರೆಯ ಮೇಲೆ ತ್ರಿವಿಕ್ರಮ ಬಾಯಿ ಅಲ್ಲಾಡಿಸುತ್ತಿದ್ದ. ಲಕ್ಷ್ಮೀಕಾಂತ ಧ್ವನಿ ಮುಚ್ಚಿದ್ದ. ದ್ಯಾಮವ್ವ ಫಾರಮ್ಮನ್ನು ಮೇಜಿನಲ್ಲೇ ಬಿಟ್ಟು, ಫೈಲಿನ ಮೇಲಿದ್ದ ಪಾಸ್‌ಪೋರ್ಟನ್ನು ತೆಗೆದುಕೊಂಡಳು. ಬ್ರಿಟಿಷ್ ಪ್ರಜೆಯಾದ ಹನ್ನೊಂದು ವರ್ಷದಲ್ಲಿ ಅದು ಆಕೆಯ ಕೈಗೆ ಬಂದದ್ದು ವಿಮಾನ ನಿಲ್ದಾಣದ ಕಿಟಕಿಗಳ ಮುಂದೆ ಮಾತ್ರ, ಕಿಟಕಿ ದಾಟುವ ತನಕ ಮಾತ್ರ.

"ಇಡು ಅದನ್ನ," ಅಂದ ಲಕ್ಷ್ಮೀಕಾಂತ.

ಆಕೆ ಇಡಲಿಲ್ಲ.

"ದ್ಯಾಮವ್ವ, ಕೆಳಗಿಡು. ಹೇಳ್ತಿದೀನಿ."

"ತಗೋರಿ," ಅಂದಳು ಆಕೆ, ಪಾಸ್‌ಪೋರ್ಟನ್ನು ಐದೂ ಬೆರಳಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಕೈಯನ್ನು ಅವನತ್ತ ಚಾಚಿ. "ಬಂದು ಬಿಡಿಸ್ಕೋರಿ."

ಲಕ್ಷ್ಮೀಕಾಂತ ಕೈ ಮುಂದೆ ಮಾಡಿದ. ಒದ್ದೆ ಪಂಚೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ರೀ, ಮಡಿ," ಅಂದಳು ಜಾನಕಿ ಬಾಗಿಲಿನಿಂದ. "ಅಡುಗೆಯೆಲ್ಲ ಆಗಿದೆ. ಮುಟ್ಬೇಡಿ."

ಅವನ ಕೈ ಆಕೆಯ ಕೈಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ದ್ಯಾಮವ್ವ ಕೈ ಹಿಂದಕ್ಕೆ ತೆಗೆಯಲಿಲ್ಲ. ಅರ್ಧ ಹೆಜ್ಜೆ ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದಿಟ್ಟ.