ಸ್ವಲ್ಪ ಅಡ್ಜಸ್ಟ್

“ಕಿವಿ ಹಿಂದೆ ಒತ್ತುತ್ತೆ ಕಣಮ್ಮ, ಸ್ವಲ್ಪ ಅಡ್ಜಸ್ಟ್ ಮಾಡಿಕೊಡು,” ಎಂದು ನಿವೃತ್ತ ಡ್ರಿಲ್ ಮಾಸ್ತರರು ಕನ್ನಡಕ ತೆಗೆದುಕೊಟ್ಟಾಗ ಅಂಗಡಿಯಾಕೆಗೆ ನಗು ಬಂತು. ಬೆಳಗಿನಿಂದ ಆ ಮಾತು ಕಿವಿಗೆ ಬಿದ್ದದ್ದು ಅದೆಷ್ಟನೆಯ ಸಲವೋ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವಳಾಗಿ ತೂರಿಕೊಂಡ ಹೆಂಗಸು ಅದನ್ನೇ ಅಂದಿದ್ದಳು. ಹಾಲಿನವನು ಪಾಕೀಟು ಒಂದು ಕಡಿಮೆ ಕೊಟ್ಟು ಅದನ್ನೇ ಅಂದಿದ್ದ. ಫ್ರೇಮಿನ ಬೆಲೆ ಕೇಳಿದ ಗಿರಾಕಿ ತಲೆ ಕೆರೆದುಕೊಂಡು ಅಂದದ್ದೂ ಅದೇ. ಎಲ್ಲಿಂದಲೋ ಬಂದ ಪದ, ಊರಿನ ಅರ್ಧ ಭಾರ ಹೊತ್ತುಕೊಂಡು ಓಡಾಡುತ್ತಿತ್ತು.

ಅವಳ ಕೈಯಲ್ಲಿ ಮಾತ್ರ ಅದಕ್ಕೆ ನೇರ ಅರ್ಥ. ಕನ್ನಡಕದ ಕಡ್ಡಿಯನ್ನು ಯಂತ್ರದ ಬಿಸಿಗಾಳಿಗೆ ಹಿಡಿದು, ಮೆತ್ತಗಾದೊಡನೆ ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಬಾಗಿಸಿ ಕಿವಿಗೆ ಸಿಕ್ಕಿಸುವುದು. ಮಾಸ್ತರರು ಕತ್ತು ಅತ್ತಿತ್ತ ಆಡಿಸಿ, ಹಗುರಾಯಿತು ಎಂದು ಹೊರಟರು.

ಮನೆಯಲ್ಲಿ ಅವಳೂ ಆ ಪದವನ್ನು ಧಾರಾಳವಾಗಿ ಬಳಸಿದವಳೇ. ಮದುವೆಯಾಗಿ ಹೋದ ಮಗಳು ಫೋನಿನಲ್ಲಿ ದನಿ ಇಳಿಸಿ, ಇವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದಾಗಲೆಲ್ಲ, ಹೊಸದರಲ್ಲಿ ಹಾಗೇ ಕಣೇ, ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಎಂದಿದ್ದಳು. ಈಚೆಗೆ ಫೋನೇ ಅಪರೂಪವಾಗಿತ್ತು. ಸದ್ಯ, ಹೊಂದಿಕೊಂಡಳು ಎಂದು ತಾಯಿ ಉಸಿರುಬಿಟ್ಟಿದ್ದಳು.

ಆ ಮಗಳು ಮಧ್ಯಾಹ್ನ ಹೇಳದೆ ಕೇಳದೆ ಅಂಗಡಿಗೆ ಬಂದಳು. ಕನ್ನಡಕ ಕೈಯಲ್ಲಿತ್ತು. ಮಂಚದ ಮೇಲಿಟ್ಟದ್ದನ್ನು ಮರೆತು ಕೂತುಬಿಟ್ಟೆ ಎಂದಳು. ಬೇಗ ಸರಿಮಾಡಿಕೊಡಬೇಕಂತೆ, ಸಂಜೆಯ ಬಸ್ಸಿಗೇ ಹೊರಡಬೇಕಂತೆ. ಇಲ್ಲಿಗೆ ಬಂದದ್ದು ಗಂಡನ ಮನೆಯಲ್ಲಿ ಗೊತ್ತಿಲ್ಲವಂತೆ.

ತಾಯಿ ಫ್ರೇಮನ್ನು ಬೆಳಕಿಗೆ ಹಿಡಿದಳು. ಮೇಲೆ ಕೂತರೆ ಕನ್ನಡಕ ಚಪ್ಪಟೆಯಾಗುತ್ತದೆ, ಎರಡು ಕಡ್ಡಿಯೂ ಅಗಲುತ್ತವೆ. ಇಲ್ಲಿ ಎಡಗಡೆಯದೊಂದೇ ಒಳಕ್ಕೆ ತಿರುಚಿಕೊಂಡಿತ್ತು. ಮೂಗಿನ ಮೇಲೆ ಕೂರುವ ಭಾಗ ಬಲಕ್ಕೆ ಸೊಟ್ಟಗಾಗಿತ್ತು. ತಲೆಯೆತ್ತಿದರೆ, ಮಗಳ ಮೂಗಿನ ಪಕ್ಕ ಪೌಡರಿನಡಿ ಒಂದು ನಸುನೀಲಿ ಗೆರೆ.

“ಇದೇ ಮೊದಲಾ?”

ಮಗಳು ಗಾಜಿನ ಕಪಾಟಿನ ಕಡೆ ನೋಡಿದಳು. “ಕನ್ನಡಕಕ್ಕೆ ಇದೇ ಮೊದಲು.”

ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ತಂದೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದ. ಈಗ ಸರಿಮಾಡಿ ಕಳಿಸು, ಭಾನುವಾರ ನಾನೇ ಹೋಗಿ ಅಳಿಯನಿಗೆ ನಾಲ್ಕು ಬುದ್ಧಿಮಾತು ಹೇಳಿ ಬರುತ್ತೇನೆ ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ. ಅವಳು ಬಿಸಿಗಾಳಿ ಹಚ್ಚಿದಳು. ಕಣ್ಣುಮುಚ್ಚಿ ಮಾಡುವಂಥ ಕೆಲಸ. ಬೆರಳಿಗೆ ಶಾಖ ತಾಗುತ್ತಿದ್ದಂತೆ ಆರಿಸಿಬಿಟ್ಟಳು.

“ಇವತ್ತು ಆಗಲ್ಲ. ತುಂಬ ಬಗ್ಗಿದೆ, ಇಲ್ಲೇ ಇರಲಿ.”

“ಅಮ್ಮ, ಇದಿಲ್ದೆ ನಂಗೆ ಬಸ್ಸಿನ ಬೋರ್ಡೂ ಕಾಣಲ್ಲ.”

“ನಿನ್ನ ಕಣ್ಣಿನ ನಂಬರು ನಂಗೆ ಗೊತ್ತಿಲ್ವಾ?”

ಮಗಳು ಕಣ್ಣು ಕಿರಿದು ಮಾಡಿ ತಾಯಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೆಗಲಿನ ಬ್ಯಾಗು ಇಳಿಸಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

ಬ್ಯಾಗಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ತಾಯಿಯೇ ಎತ್ತಿದಳು. ಸಂಸಾರ ಅಂದಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ದೊಡ್ಡವರು ನೀವೇ ತಿಳಿಹೇಳಬೇಕು ಎಂದು ಅಳಿಯ ನಯವಾಗಿಯೇ ಹೇಳುತ್ತಿದ್ದ. ಪೂರ್ತಿ ಕೇಳಿಸಿಕೊಂಡು, ಅವಳು ನಮ್ಮಲ್ಲಿರುತ್ತಾಳೆ, ಬರೋದು ಬಿಡೋದು ಅವಳಿಗೆ ಸೇರಿದ್ದು ಎಂದು ಫೋನು ಇಟ್ಟಳು. ಸೊಟ್ಟಗಾದ ಕನ್ನಡಕವನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟಳು.

ತಂದೆ ಹೋಗಿ ಹೊತ್ತಿಗೆ ಮುಂಚೆಯೇ ಷಟರ್ ಎಳೆದ, ಮಗಳ ಬ್ಯಾಗನ್ನು ತಾನೇ ಹೊತ್ತುಕೊಂಡ.

ರಸ್ತೆಯಲ್ಲಿ ವಾಹನಗಳ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಮಗಳಿಗೆ ಅದೆಲ್ಲ ಕಲಸಿಹೋದ ಬೆಳಕು. ಅವಳು ತಾಯಿಯ ಮೊಣಕೈ ಹಿಡಿದುಕೊಂಡಳು.

“ಮೆಟ್ಟಿಲಿದೆ,” ಎಂದಳು ತಾಯಿ. “ಇಲ್ಲಿ ತಗ್ಗು. ನಿಲ್ಲು. ಹೂಂ, ಈಗ ಬಾ.”