ಚಾಲೂ ಇರಲಿ, ಬಂದ್ ಮಾಡಬ್ಯಾಡ್ರಿ

ನನ್ನ ಸೊಸೆ ಸುಜಾತಾಳ ಮಾತನ್ನು ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಯಾರೂ ಅಂದರೆ ನಾನೂ ಸೇರಿ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಮನೆ ಭಾಲ್ಕಿಯಲ್ಲಿ. ಸುಜಾತಾ ಕೆಲಸ ಮಾಡುವುದು ಔರಾದದಲ್ಲಿ, ರಕ್ತ ತಪಾಸಣೆಯ ಒಂದು ಲ್ಯಾಬಿನಲ್ಲಿ. ಸಕ್ಕರೆ ಕಾಯಿಲೆಯವರು ಮುಂಜಾನೆ ಚಹಾ ಕೂಡ ಕುಡಿಯದೆ ಬಂದು ಬಾಗಿಲ ಮುಂದೆ ಕೂತಿರುತ್ತಾರೆ. ಇವಳು ಹೋಗಿ ರಕ್ತ ತೆಗೆದ ಮೇಲೆಯೇ ಅವರಿಗೆ ನಾಷ್ಟಾ. ಬಸ್ಸಿಗೆ ಹೋದರೆ ಕಮಲನಗರದಲ್ಲಿ ಇಳಿದು ಇನ್ನೊಂದಕ್ಕೆ ಕಾಯಬೇಕು, ಮುಟ್ಟುವುದರೊಳಗೆ ಹತ್ತೂವರೆ. ಲ್ಯಾಬಿನ ಮಾಲಕರು ಸಂಭಾವಿತರು, ಆದರೂ ಒಂದು ಮಾತು ಸ್ಪಷ್ಟ ಹೇಳಿದ್ದರು: ಒಂಬತ್ತಕ್ಕೆ ಬರಲಿಕ್ಕೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗ್ತದ ಅಂತ. ಅದಕ್ಕೇ ಅವಳು ಗಾಡಿ ಕಲಿತಳು, ಅದಕ್ಕೇ ಆ ಸಣ್ಣ ಬಿಳಿ ಕಾರು ಮನೆಗೆ ಬಂತು. ಗಾಡಿ ಹೋದರೆ ನೌಕರಿಯೂ ಹೋಯಿತು. ಲೆಕ್ಕ ಅಷ್ಟೆ.

ದೀಪಾವಳಿಯ ಹೊತ್ತಿಗೆ ಒಂದು ದಿನ ಸಂಜೆ ಬಂದವಳು ಚೀಲ ಇಟ್ಟು, "ಸ್ಟೇರಿಂಗ್ ಒಮ್ಮಿಂದೊಮ್ಮಿಲೆ ಗಟ್ಟಿ ಆಗ್ತದ್ರಿ, ತಿರುವಿದ್ರ ತಿರುಗಂಗಿಲ್ಲ" ಅಂದಳು.

ನನ್ನ ಮಗ ಸಂಜುಕುಮಾರ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾನೆ. ಒಬ್ಬನೇ ಚೀಲ ಎತ್ತಿ ಲಾರಿಗೆ ಹಾಕುವ ಆಳು. ಹೊರಗೆ ಹೋಗಿ ಗಾಡಿಯಲ್ಲಿ ಕೂತು, ಚಾಲೂ ಮಾಡಿ, ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದ. ಒಂದೇ ಬೆರಳಿನಲ್ಲಿ ಸ್ಟೇರಿಂಗ್ ತಿರುವಿ ತೋರಿಸಿದ.

"ಬೆಣ್ಣಿ ಹಂಗ ಅದ. ನಿನ್ನ ಕೈಯಾಗ ಶಕ್ತಿ ಇಲ್ಲ ನೋಡು."

ಎರಡು ವರ್ಷದ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ನಲವತ್ತು ದಿನ ಪ್ಲಾಸ್ಟರ್. ಅಂದಿನಿಂದ ಮನೆಯಲ್ಲಿ ಒಂದು ಲೋಟ ಕೈಜಾರಿದರೂ ಆ ಮಣಿಕಟ್ಟಿನ ಮೇಲೆಯೇ ಹೋಗುತ್ತಿತ್ತು. ಇದೂ ಹೋಯಿತು.

ಹೀಗೆಯೇ ನಾಲ್ಕೈದು ಸಲ ಆಯಿತು. ಅವಳು ಓಡಿಸುವಾಗ ಗಟ್ಟಿ, ಅವನು ಕೂತರೆ ಹಗುರ. ಭಾಲ್ಕಿಯ ಮಿಸ್ತ್ರಿಗೂ ತೋರಿಸಿದೆವು. ಅವನು ಚಾವಿ ಇಸಕೊಂಡು ಬಸ್ ನಿಲ್ದಾಣದ ತನಕ ಹೋಗಿ ಬಂದು, "ಗಾಡಿ ಫಸ್ಟ್ ಕ್ಲಾಸ್ ಅದ್ರಿ. ಬಾಯಿಯವರ ಕೈ ಜರಾ ನಾಜೂಕ" ಅಂತ ಸುಜಾತಾಳ ಕಡೆ ಕೈ ಮಾಡಿದ. ಅವಳು ಮನೆಗೆ ಬಂದು ರೊಟ್ಟಿ ಬಡಿಯಲು ಕೂತಳು. ಅವತ್ತು ಬಡಿದ ಸಪ್ಪಳ ಓಣಿಯ ಆ ತುದಿಗೆ ಕೇಳಿಸಿರಬೇಕು. ಅಂಥ ರೊಟ್ಟಿ ಬಡಿಯುವ ಕೈಯನ್ನು ನಾಜೂಕು ಅಂದರೆ ಹೇಗೆ ಅಂತ ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸಂಕ್ರಾಂತಿ ಆದ ಮರುವಾರ ನಾನೂ ಆ ಗಾಡಿಯಲ್ಲಿದ್ದೆ. ಔರಾದದಲ್ಲಿ ನಮ್ಮ ಬೀಗರ ಮನೆಯ ಒಂದು ಕಾರ್ಯಕ್ಕೆ ಅವಳ ಜೋಡಿ ಹೊರಟಿದ್ದೆ. ಹಿಂದಿನ ಸೀಟಿನ ನಡುವೆ ಕೂತರೆ ನನಗೆ ಹಾದಿ ಚಂದ ಕಾಣುತ್ತದೆ. ಒಂದು ಹಳ್ಳಿ ದಾಟಿ ತಗ್ಗು ಬಿದ್ದ ರಸ್ತೆ ಬಂತು, ಗಾಡಿ ದಡಬಡ ಕುಣಿಯಿತು, ಮುಂದೆ ತಿರುವು. ಸುಜಾತಾ ತಿರುವಿದಳು. ಗಾಡಿ ತಿರುಗಲಿಲ್ಲ. ಎರಡೂ ಕೈ ಹಾಕಿ, ಮೈ ಮುಂದೆ ಒಗೆದು ಎಳೆದಳು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಅದನ್ನೊಂದು ಹೇಗೋ ತಪ್ಪಿಸಿದಳು, ನಮ್ಮ ಗಾಡಿ ರಸ್ತೆ ಬಿಟ್ಟು ತೊಗರಿ ಕೊಯ್ದ ಹೊಲದಲ್ಲಿ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವಳ ಎರಡೂ ಕೈ ನಡುಗುತ್ತಿದ್ದವು.

ಆಗ ಅವಳ ಮುಂದಿನ ಮೀಟರಿನ ಫಲಕದಲ್ಲಿ ಒಂದು ಹಳದಿ ದೀಪ ನೋಡಿದೆ. ದುಂಡನೆಯ ಚಕ್ರದ ಚಿತ್ರ, ಅದರ ಬಗಲಿಗೆ ಒಂದು ಗೀಟು, ಗೀಟಿನ ಕೆಳಗೆ ಚುಕ್ಕಿ. ನಾನು ಓದು ಬರಹ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಗಾಬರಿಯಾದಾಗ, ಅಚ್ಚರಿಯಾದಾಗ ಮಾತಿನ ಕೊನೆಗೆ ಆ ಗುರುತು ಹಾಕಬೇಕು ಅಂತ ಮಾಸ್ತರರು ಕಲಿಸಿದ್ದರು. ಗಾಡಿಗೂ ಗಾಬರಿಯಾಗಿದೆ ಅಂದುಕೊಂಡೆ. ಸುಜಾತಾ ಚಾವಿ ತಿರುವಿ ಬಂದ್ ಮಾಡಿದಳು, ದೀಪ ಆರಿತು. ಗಾಡಿಯ ದೀಪದ ವಿಷಯ ಗಾಡಿ ಓಡಿಸುವವರಿಗೆ ಗೊತ್ತು, ನನಗೇನು ಅಂತ ಸುಮ್ಮನಾದೆ.

ಸುಮ್ಮನಾಗಿದ್ದರೆ ಅದೊಂದೇ ತಪ್ಪಾಗುತ್ತಿತ್ತು. ಬಾಯಿ ಬಿಟ್ಟು ಹೀಗೂ ಅಂದೆ: "ಬಿಡವಾ ಸುಜಾತಾ. ನಿನ್ನ ಕೈಲೆ ಆಗೂದಿಲ್ಲ. ಜೀವಕ್ಕಿಂತ ನೌಕರಿ ದೊಡ್ಡದೇನು?"

ಅವಳು ಹಿಂದೆ ತಿರುಗಿ ನನ್ನನ್ನು ನೋಡಿದಳು. ಗಂಡ ನಕ್ಕಾಗ, ಮಿಸ್ತ್ರಿ ಅಂದಾಗ ಹಾಗೆ ನೋಡಿರಲಿಲ್ಲ. ಆಮೇಲೆ ಗಾಡಿ ಚಾಲೂ ಮಾಡಿದಳು, ಸ್ಟೇರಿಂಗ್ ಹಗುರಾಗಿತ್ತು, ಔರಾದಕ್ಕೆ ಹೋದೆವು.

ಟ್ರ್ಯಾಕ್ಟರಿನ ಸುದ್ದಿ ಕೇಳಿ ಸಂಜು ಹೆದರಿದ. ಅವನು ಕೆಟ್ಟವನಲ್ಲ, ಹೆದರಿದರೆ ದನಿ ದೊಡ್ಡದಾಗುತ್ತದೆ ಅಷ್ಟೆ. ಗಾಡಿ ಮಾರುವುದೇ ಅಂತ ತೀರ್ಮಾನ ಮಾಡಿದ. ಹಿಂದಿನ ಓಣಿಯ ಅನೀಲಕುಮಾರ ಬಂದು ನೋಡಿ ಒಪ್ಪಿಕೊಂಡು ಹೋದರು. ರವಿವಾರ ಬಂದು ಗಾಡಿ ಒಯ್ಯುವುದು ಅಂತಾಯಿತು.

ಶನಿವಾರ ಬೀದರದಲ್ಲಿ ನನ್ನ ಕಣ್ಣಿನ ತಪಾಸಣೆ ಇತ್ತು. ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಮೂವರೂ ಹೊರಟೆವು, ಸಂಜು ಓಡಿಸಿದ. ದವಾಖಾನೆಯಿಂದ ಹೊರಗೆ ಬಂದ ಮೇಲೆ ಸುಜಾತಾ ಅಂದಳು, "ಒಂದ ಮಾತ ಕೇಳ್ತೀರೇನ್ರಿ? ನಮ್ಮ ಲ್ಯಾಬಿನ ಕುಬರಾ ಇದ್ದಾಳಲ್ಲ, ಅವಳ ಅಣ್ಣ ಇಲ್ಲೇ ಚಿದ್ರಿ ರಸ್ತೆದಾಗ ಗಾಡಿ ವಾಯರಿಂಗ್ ಕೆಲಸ ಮಾಡ್ತಾರ. ಒಮ್ಮಿ ತೋರಸೂಣು. ಅವರೂ ನನ್ನ ಕೈದೇ ತಪ್ಪಂದ್ರ ಇನ್ನ ಸ್ಟೇರಿಂಗ್ ಮುಟ್ಟಂಗಿಲ್ಲ."

"ಮಾರೂ ಗಾಡಿಗಿ ಯಾಕ ಡಾಕ್ಟರು?" ಅಂದ ಸಂಜು. ಆದರೂ ಗಾಡಿ ಆ ಕಡೆಗೆ ತಿರುವಿದ.

ಕುಬರಾಳ ಅಣ್ಣನ ಹೆಸರು ಮುನೀರೋದ್ದೀನ. ಗಡ್ಡ ಅರ್ಧ ನರೆತವರು, ಕನ್ನಡಕ ಹಣೆಯ ಮೇಲೆ. ಸಂಜು ಎಲ್ಲ ವಿವರಿಸಲು ಸುರು ಮಾಡಿದ: ಗಾಡಿಯಲ್ಲಿ ಏನೂ ಇಲ್ಲ, ಇವಳಿಗೆ ಹಂಗನಸ್ತದ, ಕೈ ಮುರಿದಿತ್ತು. ಮುನೀರೋದ್ದೀನ ತಲೆ ಆಡಿಸುತ್ತ ಪೂರಾ ಕೇಳಿ, ಆಮೇಲೆ ಸುಜಾತಾಳ ಕಡೆ ತಿರುಗಿದರು.

"ಬಾಯಿ, ಗಾಡಿ ಓಡಸವರು ನೀವು. ನೀವ ಹೇಳ್ರಿ. ಯಾವಾಗ ಗಟ್ಟಿ ಆಗ್ತದ?"

ಮೂರು ತಿಂಗಳಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳು ಸರಸರ ಹೇಳಿದಳು. ಚಲೋ ರಸ್ತೆದಾಗ ಆಗಂಗಿಲ್ಲ. ತಗ್ಗಿನಾಗ ಗಾಡಿ ಕುಣಿದ ಮ್ಯಾಲ ಆಗ್ತದ. ಗಾಡಿ ನಿಂತಾಗ ತಿರುವಿದ್ರ ಕಲ್ಲು, ಜರಾ ಉರುಳಕೋತ ತಿರುವಿದ್ರ ಬರ್ತದ. ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಹಗುರ.

"ದೀಪ ಏನರ ಹತ್ತತದೇನು?"

"ಆವಾಗ ನಾ ರಸ್ತಾ ನೋಡ್ಲೋ ದೀಪ ನೋಡ್ಲೋ, ಭಾಯಿ?"

"ನಾ ನೋಡೀನಿ" ಅಂದೆ ನಾನು. ಎಲ್ಲರೂ ನನ್ನ ಕಡೆ ನೋಡಿದರು. "ಹಳದಿ ದೀಪ. ದುಂಡನ ಚಕ್ರ, ಅದರ ಬಗಲಾಗ ಆಶ್ಚರ್ಯದ ಗುರುತು."

"ಅವ್ವಾ, ನಿನ್ನ ಕಣ್ಣಿಗಿ..." ಅಂದ ಸಂಜು.

"ಈ ಕಣ್ಣ ಎರಡ ತಿಂಗಳದಾಗಿಂದು, ನಿನ್ನ ಕಣ್ಣಕಿಂತ ಹೊಸಾದು. ಸುಮ್ಮನಿರು."

ಮುನೀರೋದ್ದೀನ ಹಣೆಯ ಮೇಲಿನ ಕನ್ನಡಕ ಕಣ್ಣಿಗೆ ಇಳಿಸಿದರು. "ಅರೇ ಅಮ್ಮಾ, ಇದನ್ನ ನೋಡಿದ ದಿನಾನೇ ಹೇಳಿದ್ರ!" ಅಂದು ನಕ್ಕರು. ನನಗೆ ನಗು ಬರಲಿಲ್ಲ. "ಬರ್ರಿ, ಅಷ್ಟೂರ ಕಡಿ ಹೋಗೂಣು. ಅಲ್ಲಿ ತಗ್ಗು ಭರಪೂರ ಅವ. ಬಾಯಿನೇ ಓಡಸಲಿ."

ಸುಜಾತಾ ಸ್ಟೇರಿಂಗ್ ಮುಂದೆ, ಅವಳ ಬಗಲಿಗೆ ಮುನೀರೋದ್ದೀನ, ಹಿಂದೆ ನಾನು ಮತ್ತು ನನ್ನ ಮಗ. ಹಳೆಯ ಸುಲ್ತಾನರ ಗುಮ್ಮಟಗಳ ದಾರಿ ಬಿಟ್ಟು ಹೊಲದ ಕಚ್ಚಾ ರಸ್ತೆಗೆ ಇಳಿದೆವು. ಒಂದು ಸುತ್ತು, ಎರಡು ಸುತ್ತು, ಏನೂ ಇಲ್ಲ. ಸ್ಟೇರಿಂಗ್ ಹೂವಿನಂತೆ ತಿರುಗುತ್ತಿತ್ತು. ಸಂಜು ಗಡಿಯಾರ ನೋಡಿಕೊಂಡ. ಕನ್ನಡಿಯಲ್ಲಿ ಸುಜಾತಾಳ ಮುಖ ಬಿಳಿಚಿದ್ದು ಕಾಣಿಸಿತು. ಕೆಟ್ಟು ಹೋಗು, ಒಮ್ಮೆ ಕೆಟ್ಟು ಹೋಗು ಅಂತ ಗಾಡಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮೂರನೆಯ ಸುತ್ತಿಗೆ ದೊಡ್ಡ ತಗ್ಗು. ದಢ್ ಅಂತು. ಫಲಕದಲ್ಲಿ ಹಳದಿ ಗುರುತು ಹೊತ್ತಿಕೊಂಡಿತು.

"ಬಂತು! ಬಂತು!" ಅಂತ ನಾನು ಹಿಂದಿನಿಂದ ಕೂಗಿದೆ.

ಸುಜಾತಾ ಎರಡೂ ಕೈಯಿಂದ ಎಳೆದು ಗಾಡಿಯನ್ನು ಬಗಲಿಗೆ ತಂದು ನಿಲ್ಲಿಸಿದಳು. ರೂಢಿಯಂತೆ ಅವಳ ಕೈ ಚಾವಿಗೆ ಹೋಯಿತು.

"ಬಂದ್ ಮಾಡಬ್ಯಾಡ್ರಿ!" ಮುನೀರೋದ್ದೀನ ಅವಳ ಕೈಗೆ ಅಡ್ಡ ತಮ್ಮ ಕೈ ಹಿಡಿದರು. "ಚಾಲೂ ಇರಲಿ. ದಿನಾ ಇದ ಮಾಡ್ತೀರಲ್ಲ? ಬಂದ್ ಮಾಡಿ, ಚಾವಿ ತಗದು ಸಾಹೇಬರ ಕೈಯಾಗ ಕೊಡ್ತೀರಿ?"

"ಹೌದ್ರಿ. ನಿಂತ ಗಾಡಿ ಚಾಲೂ ಇಟ್ರ ಪೆಟ್ರೋಲ್ ದಂಡಂತ ಇವರೇ ಬೈತಾರ."

"ಅಲ್ಲೇ ಅದ ನೋಡ್ರಿ. ಹ್ಯಾಂಡ್ ಬ್ರೇಕ್ ಎಳೀರಿ, ಹಂಗೇ ಇಳೀರಿ. ಸಾಹೇಬ್ರ, ನೀವ ಕೂಡ್ರಿ."

ಸಂಜು ಬಂದು ಕೂತ. ಅಭ್ಯಾಸದಂತೆ ಒಂದು ಬೆರಳು ಹಚ್ಚಿದ. ಸ್ಟೇರಿಂಗ್ ಅಲುಗಲಿಲ್ಲ. ಒಂದು ಕೈ ಹಚ್ಚಿದ. ಎರಡೂ ಕೈ ಹಚ್ಚಿದ. ಕುತ್ತಿಗೆಯ ನರ ಉಬ್ಬಿತು, ಚಕ್ರ ಒಂದು ಗೇಣು ತಿರುಗಿತು.

"ಜರಾ ಜೋರ ಹಚ್ಚರಿ ಸಾಹೇಬ್ರ. ಗೊಬ್ಬರದ ಚೀಲ ಎತ್ತವರು ನೀವು."

"ಏನಾಗ್ಯದ್ರಿ ಇದಕ್ಕ?"

"ಆಗಿದ್ದು ಏನಂದ್ರ, ಬಾಯಿಯವರು ಇಂಥಾದ್ದ ತಿರುವಕೋತ ಮೂರ ತಿಂಗಳ ಔರಾದಕ್ಕ ಹೋಗಿ ಬಂದಾರ."

ಕುರಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕರು ನಿಂತು ನೋಡುತ್ತಿದ್ದರು. "ಏನ್ ತಂಗಿ, ಕೆಟ್ಟದೇನು?" ಅಂತ ಕೇಳಿದರು.

"ಗಾಡಿ ಕೆಟ್ಟದರಿ ಕಾಕಾ" ಅಂದಳು ಸುಜಾತಾ. "ಗಾಡಿನೇ ಕೆಟ್ಟದ!" ಗಾಡಿ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಡುವವರನ್ನು ಆ ಮುದುಕರು ಎಲ್ಲಿ ನೋಡಿರಬೇಕು! ಕುರಿ ಮುಂದೆ ಹೋದರೂ ಅವರು ಅಲ್ಲೇ ನಿಂತಿದ್ದರು. ಸುಜಾತಾ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಗಾಡಿಯೊಳಗೇ ಕೂತಿದ್ದೆ. ಇಳಿದು ಅವಳ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ.

ಅಂಗಡಿಗೆ ಮರಳಿದ ಮೇಲೆ ಮುನೀರೋದ್ದೀನ ಸ್ಟೇರಿಂಗ್ ಕೆಳಗೆ ಅಂಗಾತ ಮಲಗಿ, ಟಾರ್ಚ್ ಹಿಡಿದು ಹುಡುಕಿದರು. ಅಲ್ಲಿಂದಲೇ ಮಾತಾಡುತ್ತಿದ್ದರು. "ಇದರಾಗ ಒಂದ ಸಣ್ಣ ಮೋಟರ್ ಇರ್ತದ್ರಿ. ನೀವ ತಿರುವೂ ಮುಂದ ಅದೂ ಕೂಡಿ ತಿರುವತದ, ನಿಮ್ಮ ಕೈಗಿ ಜೋಡಿ ಕೈ ಇದ್ದಂಗ. ಅದಕ್ಕ ಹೋಗೂ ವಾಯರಿನ ಪಿನ್ನು ಸಡ್ಲ ಆಗಿ ಕಿಲುಬು ಹತ್ಯದ. ಗಾಡಿ ಕುಣೀತು, ಕರೆಂಟ್ ಕಟ್. ಒಮ್ಮಿ ಕಟ್ ಆತಂದ್ರ ಮೋಟರ್ ಮಲಗಿಬಿಡ್ತದ. ಬಂದ್ ಮಾಡಿ ಚಾಲೂ ಮಾಡೂ ತನಕ ಏಳಂಗಿಲ್ಲ."

ಪಿನ್ನು ತೆಗೆದು, ಒರೆಸಿ, ಹೊಸದು ಕೂಡಿಸಿದರು. ಮತ್ತೆ ಅಷ್ಟೂರ ರಸ್ತೆಗೆ ಹೋಗಿ ಅದೇ ತಗ್ಗಿನಲ್ಲಿ ಆರು ಸಲ ಸುಜಾತಾಳ ಕೈಯಿಂದಲೇ ಓಡಿಸಿ ನೋಡಿದರು. ದೀಪ ಹತ್ತಲಿಲ್ಲ. "ಇನ್ನೊಮ್ಮಿ ಎಂದರ ಹತ್ತಿದ್ರ ಹಂಗೇ ಔರಾದ ತನಕ ಎಳಕೊಂಡ ಹೋಗಬ್ಯಾಡ್ರಿ. ಬಗಲಿಗಿ ಹಚ್ಚಿ ನನಗ ಫೋನ್ ಮಾಡ್ರಿ" ಅಂದರು.

ನಾನು ಅವರಿಗೆ ಕೈ ಮುಗಿದೆ. "ನಿಮ್ಮ ಉಪಕಾರ ದೊಡ್ಡದಪಾ."

"ನಾ ಏನ ಮಾಡೀನ್ರಿ ಅಮ್ಮಾ? ಬಾಯಿಯವರು ಹೇಳಿದ್ದು ಕೇಳೀನಿ, ಅಷ್ಟೆ."

ಅವರು ಸಹಜವಾಗಿ ಅಂದ ಮಾತು. ನನಗೆ ಮಾತ್ರ ಚುರುಕ್ ಅಂತು.

ಸಂಜು ಅಲ್ಲೇ ನಿಂತು ಅನೀಲಕುಮಾರರಿಗೆ ಫೋನು ಹಚ್ಚಿದ. ಅವರ ದನಿ ದೊಡ್ಡದು, ನಮಗೂ ಕೇಳಿಸುತ್ತಿತ್ತು.

"ಅನೀಲಣ್ಣ, ನಾಳಿ ಬರಬ್ಯಾಡ್ರಿ. ಗಾಡಿ ಕೊಡಂಗಿಲ್ಲ."

"ಯಾಕೋ? ಮತ್ತ್ಯಾರರ ಕೇಳ್ಯಾರೇನು?"

"ಇಲ್ಲಣ್ಣ. ಮನ್ಯಾಗ ಬೇಕಾಗ್ಯದ."

"ಮನಿಯವರ ಕೈಯಾಗ ಶಕ್ತಿ ಇಲ್ಲ ಅಂದಿದ್ಯಲ್ಲೋ?"

ಸಂಜು ಒಂದು ಸಲ ಸುಜಾತಾಳನ್ನು ನೋಡಿದ. "ಅದು ನಾ ತಪ್ಪ ಹೇಳಿದ್ದೆ" ಅಂದ.

ಭಾಲ್ಕಿಗೆ ಬರುವಾಗ ಅವಳೇ ಓಡಿಸಿದಳು. ಅವನು ಬಗಲಿಗೆ ಕೂತು, ಲಾರಿ ಎದುರಾದಾಗಲೆಲ್ಲ ಕಾಲಿನಿಂದ ನೆಲ ಒತ್ತುತ್ತಿದ್ದ. "ಆ ಕಡಿ ಬ್ರೇಕ್ ಇಲ್ರಿ" ಅಂದಳು ಅವಳು. ಅವನೂ ನಕ್ಕ. ನಾನು ಹಿಂದೆ ಕೂತು, ಆಡಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಮನೆ ಬಂತು, ಮಾತು ಬರಲಿಲ್ಲ. ರವಿವಾರವೂ ಬರಲಿಲ್ಲ.

ಸೋಮವಾರ ಮುಂಜಾನೆ ಏಳೂವರೆಗೆ ಹೊರಟಳು. ಮುಟ್ಟಿದ ಕೂಡಲೆ ಫೋನ್ ಮಾಡು ಅಂದಿದ್ದೆ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಫೋನು ಬಂತು. ಹಿಂದೆ ಮಂದಿಯ ಗಲಗಲ ಕೇಳುತ್ತಿತ್ತು.

"ಮುಟ್ಟೀನಿ ನೋಡ್ರಿ ಅತ್ತಿ."

"ಸುಜಾತಾ, ಅವತ್ತ ಹೊಲದಾಗ ನಾ ಅಂದಿದ್ದು..."

"ಅತ್ತಿ, ಹನ್ನೊಂದ ಮಂದಿ ಉಪವಾಸ ಕುಂತಾರ. ಇಡ್ತೇನ್ರಿ. ನೀವ ಗುಳಿಗಿ ತಗೋರಿ." ಫೋನು ಇಟ್ಟಳು.

ಅವಳಿಗೆ ಪುರಸೊತ್ತಿಲ್ಲ, ಅದೇ ನನ್ನ ಪುಣ್ಯ. ಹೇಳಬೇಕಾಗಿದ್ದು ಇಷ್ಟೇ: ಅವತ್ತು ಆ ಟ್ರ್ಯಾಕ್ಟರಿನಿಂದ ನನ್ನ ಜೀವ ಉಳಿಸಿದ್ದು ಅವಳ ಕೈ. ಆ ಕೈಗೇ ನಾನು ಆಗೂದಿಲ್ಲ ಅಂದೆ, ಅದೂ ಅದು ಇನ್ನೂ ನಡುಗುತ್ತಿರುವಾಗ. ಬಾಯಲ್ಲಿ ಹೇಳಲು ಆಗದ್ದನ್ನು ಬರೆದಿದ್ದೇನೆ. ಸಂಜೆ ಬಂದು ಚಹಾ ಕುಡಿದ ಮೇಲೆ ಅವಳ ಕೈಗೆ ಕೊಡುತ್ತೇನೆ.