ಮಾವನ ಕೈಗುಣ

ಬೆಳಗ್ಗೆ ನರ್ಸರಿಯ ಬಾಗಿಲು ತೆರೆದ ಕೂಡಲೇ ಯಜಮಾನರು ಬಿತ್ತನೆಯ ತಟ್ಟೆಗಳತ್ತ ನಡೆದರು. ಬದನೆ ತಟ್ಟೆ ಬೋಳು, ಟೊಮೆಟೊ ತಟ್ಟೆಯೂ ಬೋಳು. ಮೆಣಸಿನ ತಟ್ಟೆಯಲ್ಲಿ ಒಂದು ಹಸಿರು ಕಂಡು ಆಸೆಯಿಂದ ಬಗ್ಗಿದರೆ ಅದು ಕಳೆ.

ಅವರಿಗೆ ರೇಗಿತು. ಬೆನ್ನುನೋವೆಂದು ಈ ಸಲ ಬಿತ್ತುವ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಿದ್ದರು. ಬೀಜದ ಡಬ್ಬ ತಂದುಕೊಟ್ಟದ್ದಷ್ಟೇ ಅವರು. ತಮ್ಮ ಕೈಗುಣದ ಬಗ್ಗೆ ಅವರಿಗಿದ್ದ ಜಂಬ ಸಣ್ಣದಲ್ಲ. ಗಿರಾಕಿಗಳಿಗೆ ಸಸಿ ತೋರಿಸುವ ಮೊದಲು ಆ ಕೈಗುಣದ ವರದಿಯನ್ನೇ ಒಪ್ಪಿಸುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಬೀದಿಯ ಟೀಚರ್ ಟೊಮೆಟೊ ಸಸಿಗೆಂದು ಬಂದರು.

"ಏನು ಹೇಳಲಿ ಟೀಚರ್, ಈ ಸಲ ಸೊಸೆ ಬಿತ್ತಿದ್ದು. ಎಲ್ಲರಿಗೂ ಕೈಗುಣ ಇರಲ್ಲ ನೋಡಿ."

"ಪಾಪ, ಅವಳ ಮಡಿಲೂ ಹಾಗೇ ಅಲ್ವಾ?" ಎಂದರು ಟೀಚರ್, ಮರುಕದಿಂದಲೇ.

ಗಿಡಗಳಿಗೆ ನೀರು ಹಾಕುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಮದುವೆಯಾಗಿ ವರ್ಷಗಳೇ ಕಳೆದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಟೀಚರಿಗೆ ಏನಾದರೂ ಹೇಳಬೇಕೆಂದು ಮಾವನಿಗೆ ಅನಿಸಿತು. ಆದರೆ ನಾಲಗೆ ಏಳಲಿಲ್ಲ.

ಟೀಚರ್ ಹೋದ ಮೇಲೆ ಅವರು ಸೊಸೆಯ ಮುಖ ನೋಡದೆ ಹೇಳಿದರು: "ಇನ್ಮೇಲೆ ನೀನು ಬಿತ್ತೋದು ಬೇಡಮ್ಮ. ನೀರು ಹಾಕು, ಸಾಕು."

"ಆಗ್ಲಿ ಮಾವ. ಆದ್ರೆ ಯಾಕೆ ಮೊಳೀಲಿಲ್ಲ ಅಂತ ಮೊದ್ಲು ನೋಡೋಣ. ಕೈಗುಣ ಅಂದ್ಬಿಟ್ರೆ ಹುಡುಕೋದೇ ನಿಂತುಹೋಗುತ್ತೆ."

"ಹುಡುಕೋಕೇನಿದೆ? ನಾನು ಬಿತ್ತಿದ್ರೆ ಬಂದಿರೋದು."

"ಹಾಗಾದ್ರೆ ಬಿತ್ತಿ. ಅದೇ ಡಬ್ಬದ ಬೀಜ."

ಅವಳು ಅಳುತ್ತಾ ಕೂರಲಿಲ್ಲ. ಬೋಳು ತಟ್ಟೆಯ ಮಣ್ಣನ್ನು ಮೆಲ್ಲಗೆ ಕೆದಕಿದಳು. ಇರುವೆ ಹೊತ್ತುಕೊಂಡು ಹೋಗಿರಲಿಲ್ಲ, ಆಳ ಹೆಚ್ಚಾಗಿರಲಿಲ್ಲ, ನೀರೂ ನಿಂತಿರಲಿಲ್ಲ. ಬೀಜವನ್ನು ಉಗುರಿನಿಂದ ಒತ್ತಿದರೆ ಒಳಗೆ ಬರೀ ಕಂದು ಲೋಳೆ. ಮಾವ ಕದ್ದು ನೋಡುತ್ತಿದ್ದರು. ಇಷ್ಟು ತಾಳ್ಮೆ ತಮಗೆ ಯಾವತ್ತೂ ಇರಲಿಲ್ಲ ಎಂದು ಅವರ ಮನಸ್ಸು ಒಪ್ಪಿತು, ಬಾಯಿ ಒಪ್ಪಲಿಲ್ಲ.

ಸೊಸೆ ಅದೇ ಡಬ್ಬದಿಂದ ಒಂದು ಹಿಡಿ ಟೊಮೆಟೊ ಬೀಜ ತಂದುಕೊಟ್ಟಳು. ಅದನ್ನು ಮಾವ ಒಂದು ತಟ್ಟೆಯಲ್ಲಿ ಬಿತ್ತಿದರು. ಅಂಗಡಿಯಿಂದ ತಂದ ಹೊಸ ಬೀಜವನ್ನು ಇನ್ನೊಂದರಲ್ಲಿ ಅವಳು ಬಿತ್ತಿದಳು. ಎರಡಕ್ಕೂ ಒಂದೇ ಮಣ್ಣು, ಒಂದೇ ನೆರಳು, ಒಂದೇ ಕ್ಯಾನಿನ ನೀರು. ಅವಳ ತಟ್ಟೆಯಲ್ಲಿ ಮೊಳಕೆಗಳು ಒಂದನ್ನೊಂದು ತಳ್ಳಿಕೊಂಡು ಎದ್ದವು. ಹೆಸರಾಂತ ಕೈಗುಣದ ತಟ್ಟೆ ಮಾತ್ರ ಬೋಳಾಗಿಯೇ ಉಳಿಯಿತು.

ಯಜಮಾನರು ಪೆಚ್ಚಾದರು. ಆ ಬೀಜಕ್ಕೇನಾಯಿತೆಂದು ನೋಡಲು ಬಚ್ಚಲುಮನೆಗೆ ಹೋಗಿ, ಬಾಯ್ಲರಿನ ಮೇಲಿನ ಹಲಗೆಗೆ ಕೈ ಚಾಚಿದರು. ಡಬ್ಬ ಅಲ್ಲಿರಲಿಲ್ಲ. ಕಾದ ಹಲಗೆ ತಗಲಿ ಕೈ ಚುರುಕ್ಕೆಂದಿತು. ಇಲಿಗೆ ಎಟುಕದ ಜಾಗವೆಂದು ಡಬ್ಬವನ್ನು ಈ ವರ್ಷ ಅಲ್ಲಿಟ್ಟವರು ಅವರೇ. ಹೊರಗೆ ಬಂದು ನೋಡಿದರೆ, ಉಗ್ರಾಣದ ತಂಪು ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯೊಳಗೆ ಡಬ್ಬ ಕೂತಿತ್ತು.

"ನಿಂಗೆ ಗೊತ್ತಿತ್ತಾ?" ಎಂದು ಸೊಸೆಯನ್ನು ಕೇಳಿದರು.

"ನಿಮಗೆ ಬೀಜ ತರೋಕೆ ಹೋದಾಗ ಡಬ್ಬ ಮುಟ್ಟಿದ್ರೆ ಕಾದಿತ್ತು ಮಾವ. ಅದಕ್ಕೇ ತಂಪಿಗೆ ತಂದಿಟ್ಟೆ."

"ಆಗ್ಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ?"

ಅವರಿಗೆ ಸೊಸೆಯ ಬಗ್ಗೆ ಹೆಮ್ಮೆಯೂ ತಮ್ಮ ಬಗ್ಗೆ ನಾಚಿಕೆಯೂ ಒಟ್ಟಿಗೇ ಆಯಿತು.

ಸಸಿಗಳು ನಾಲ್ಕೆಲೆ ಬಿಟ್ಟಾಗ ಟೀಚರ್ ಮತ್ತೆ ಬಂದರು. "ಎಷ್ಟು ಚೆನ್ನಾಗಿವೆ! ಈ ಸಲ ನೀವೇ ಬಿತ್ತಿದ್ರಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸೊಸೆ ಅಲ್ಲೇ ಪಕ್ಕದಲ್ಲಿ ನೀರು ಹಾಕುತ್ತಿದ್ದಳು, ತಲೆಯೆತ್ತಲಿಲ್ಲ.

"ನಾನು ಬಿತ್ತಿದ್ದು ಆ ಬೋಳು ತಟ್ಟೆ, ಟೀಚರ್. ಇದು ನಮ್ಮ ಸೊಸೆದು. ಹೋದ ಸಲದ ಬೀಜಾನ ನಾನೇ ಬಾಯ್ಲರ್ ಮೇಲಿಟ್ಟು ಬೇಯಿಸಿಬಿಟ್ಟಿದ್ದೆ. ಅವತ್ತು ನೀವು ಒಂದು ಮಾತಂದ್ರಿ, ನಾನು ಕೇಳಿಕೊಂಡು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು. ಕೈಗುಣದ ಮಾತು ಶುರು ಮಾಡಿದ್ದೂ ನಾನೇ."

ಟೀಚರ್ ಮುಖ ಕೆಂಪಾಯಿತು. ಸೊಸೆಯ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದರು ಮೆಲ್ಲಗೆ.

ಯಜಮಾನರು ಬದನೆ ಬೀಜದ ಹೊಸ ಪೊಟ್ಟಣವನ್ನು ಸೊಸೆಯ ಕೈಯಲ್ಲಿಟ್ಟು, ಅವಳ ಕೈಯಲ್ಲಿದ್ದ ನೀರಿನ ಕ್ಯಾನನ್ನು ತಾವು ತೆಗೆದುಕೊಂಡರು.

"ಬೆನ್ನು, ಮಾವ!" ಎಂದಳು ಅವಳು.

"ಅರ್ಧ ಕ್ಯಾನ್ ಹೊರ್ತೀನಿ ಬಿಡು. ನೀನು ಬಿತ್ತು."